ಅಮೃತಸರದ ಪಂಗತ್‌ನಲ್ಲಿ ಕೂತಾಗ

ಅಮೃತಸರದ ಹರ್‌ಮಂದಿರ್ ಸಾಹಿಬ್‌ಗೆ, ಅಂದರೆ ಸಿಖ್ಖರ ಸ್ವರ್ಣಮಂದಿರಕ್ಕೆ, ಹೋದವರು ಸರೋವರ ನೋಡಿ, ಫೋಟೊ ತೆಗೆದು ಹೊರಟುಬಿಟ್ಟರೆ ಅರ್ಧ ಊರೇ ನೋಡಲಿಲ್ಲ ಅಂದ ಹಾಗೆ. ಇನ್ನರ್ಧ ಇರುವುದು ಎಲ್ಲರಿಗೂ ಉಚಿತವಾಗಿ ಉಣಬಡಿಸುವ ಲಂಗರ್‌ನಲ್ಲಿ. ಹಗಲು ರಾತ್ರಿ ಎನ್ನದೆ ನಡೆಯುವ ಈ ಅಡುಗೆಮನೆಯಲ್ಲಿ ಮಾಮೂಲಿ ದಿನವೇ ಸುಮಾರು 50 ಸಾವಿರ ಜನ ಉಣ್ಣುತ್ತಾರೆ; ಹಬ್ಬದ ದಿನ ಲೆಕ್ಕ ಲಕ್ಷ ಮುಟ್ಟುತ್ತದೆ.

ಚಪ್ಪಲಿಯನ್ನು ಜೋಡಾ ಘರ್‌ನಲ್ಲಿ ಬಿಟ್ಟು ಟೋಕನ್ ಇಟ್ಟುಕೊಳ್ಳಿ. ತಲೆಗೆ ಬಟ್ಟೆ ಕಟ್ಟಿ, ಟೋಪಿ ಸಲ್ಲದು. ಬಾಗಿಲಲ್ಲಿ ಹರಿಯುವ ನೀರಿನಲ್ಲಿ ಪಾದ ತೊಳೆದು ಒಳಗೆ ಹೋಗಿ. ಅಮೃತಶಿಲೆಯ ನೆಲ ಒದ್ದೆಯಿರುತ್ತದೆ, ಅವಸರದಲ್ಲಿ ಜಾರುವವರೇ ಹೆಚ್ಚು.

ಲಂಗರ್ ಬಾಗಿಲಲ್ಲಿ ಸ್ಟೀಲಿನ ತಟ್ಟೆ, ಬಟ್ಟಲು, ಚಮಚ ಕೈಗೆ ಬರುತ್ತವೆ. ಯಾವ ಊರು, ಯಾವ ಜಾತಿ, ನಿನ್ನೆಯೂ ಬಂದಿದ್ದಿರಾ, ನಿಜಕ್ಕೂ ಹಸಿವಾಗಿದೆಯಾ ಎಂದು ಯಾರೂ ಕೇಳುವುದಿಲ್ಲ. ಉದ್ದ ಚಾಪೆಯ ಮೇಲೆ ಸಾಲಾಗಿ ಕೂರುವುದೇ ಪಂಗತ್. ಮೊದಲು ಪಂಗತ್, ಆಮೇಲೆ ಸಂಗತ್ (ಗುರುವಿನ ಸನ್ನಿಧಿಯ ಸಭೆ) ಎಂಬುದು ಸಿಖ್ಖರ ಮೂರನೆಯ ಗುರು ಅಮರ್‌ದಾಸರ ಕಾಲದ ಕಟ್ಟಳೆ. ಗುರುವನ್ನು ಕಾಣಬೇಕಾದವರು ಮೊದಲು ಎಲ್ಲರ ಜತೆ ನೆಲದ ಮೇಲೆ ಕೂತು ಉಣ್ಣಬೇಕಿತ್ತು.

ಹೊಸಬರು ಎಡವುವುದು ರೊಟ್ಟಿ ಬಂದಾಗ. ಒಂದು ಕೈ ಚಾಚಿದರೆ ಬಡಿಸುವವರು ನಿಲ್ಲುತ್ತಾರೆ. ಎರಡೂ ಅಂಗೈ ಜೋಡಿಸಿ ಮೇಲಕ್ಕೆ ಹಿಡಿಯಬೇಕು, ಬಿಸಿ ರೊಟ್ಟಿ ಅದರೊಳಗೆ ಬೀಳುತ್ತದೆ. ಅದನ್ನು ಪ್ರಸಾದವಾಗಿ ಸ್ವೀಕರಿಸುವುದರಿಂದ ಈ ರೀತಿ. ಪಕ್ಕದಲ್ಲಿ ಹರಿದ ಅಂಗಿಯವನಿರಲಿ, ದುಬಾರಿ ವಾಚಿನವನಿರಲಿ, ಕೈ ಒಡ್ಡುವ ಭಂಗಿ ಒಂದೇ. ಕೊಡುವವರು ಬಗ್ಗುತ್ತಾರೆ, ಕಣ್ಣು ತಟ್ಟೆಯ ಮೇಲಿರುತ್ತದೆಯೇ ಹೊರತು ಮುಖದ ಮೇಲಲ್ಲ. ಪಡೆಯುವವರ ಮರ್ಯಾದೆ ಕಾಯುವುದಕ್ಕೆ ಇದಕ್ಕಿಂತ ನಯವಾದ ದಾರಿ ನಮಗೆ ಗೊತ್ತಿಲ್ಲ.

ದಾಲ್ ಬಕೆಟ್ಟಿನಲ್ಲಿ ಬರುತ್ತದೆ, ಸೌಟು ದೊಡ್ಡದು. ಮೊದಲೇ ಸಾಕೆನ್ನದಿದ್ದರೆ ತಟ್ಟೆ ತುಂಬಿಬಿಡುತ್ತದೆ. ಎಷ್ಟು ಸಲ ಬೇಕಾದರೂ ಕೇಳಬಹುದು, ತಟ್ಟೆಯಲ್ಲಿ ಬಿಡುವುದು ಮಾತ್ರ ತಪ್ಪು.

ಉಂಡ ಮೇಲೆ ನೇರ ಹೊರಗೆ ಹೋಗಬೇಡಿ. ಬೆಳ್ಳುಳ್ಳಿ ಸುಲಿಯುವವರ ಸುತ್ತ, ಪಾತ್ರೆ ತೊಟ್ಟಿಯ ಬಳಿ ಯಾವಾಗಲೂ ಜಾಗ ಇರುತ್ತದೆ. ಹೆಸರು ಬರೆಸಬೇಕಿಲ್ಲ, ತೋಳು ಮಡಚಿ ನಿಂತರೆ ಸಾಕು. ಯಾರೋ ಉಂಡ ತಟ್ಟೆ ನಿಮ್ಮ ಕೈಗೆ ಬರುತ್ತದೆ. ಉಜ್ಜಿ, ಮುಂದಿನ ತೊಟ್ಟಿಗೆ ದಾಟಿಸಿ.