ತಡವಾಗಿ ಬಂದವರು

2025ರ ಡಿಸೆಂಬರ್ 7, ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚೆ ಕ್ರಿಸ್ತನ ಬರವಿಗಾಗಿ ಕಾಯುವ ದಿನಗಳ, ಎರಡನೇ ಭಾನುವಾರ. ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವ ಕೆಲಸ ಅಂದು ನನ್ನದಾಗಿತ್ತು. ಪೂಜೆ ಶುರುವಾದರೆ ಬಾಗಿಲಲ್ಲಿದ್ದವರೂ ಒಳಗೆ ಹೋಗುವುದು ನಮ್ಮಲ್ಲಿ ರೂಢಿ. ನನಗೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಇರೋಣ ಅನ್ನಿಸಿತು.

ಒಳಗೆ ಬೈಬಲ್‌ನ ಎರಡನೇ ವಾಚನ ನಡೆಯುತ್ತಿತ್ತು. ಪೌಲ ರೋಮನರಿಗೆ ಬರೆದ ಪತ್ರದ 15ನೇ ಅಧ್ಯಾಯ. ಈ ಭಾನುವಾರಕ್ಕೆ ಮೂರು ವರ್ಷಕ್ಕೊಮ್ಮೆ ಬರುವ ಭಾಗ ಅದು. ಕ್ರಿಸ್ತ ನಿಮ್ಮನ್ನು ಸ್ವೀಕರಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಸ್ವೀಕರಿಸಿ ಅನ್ನುವ ಮಾತು ಅದರಲ್ಲಿದೆ. ಅದನ್ನು ಕೇಳುತ್ತಿರುವಾಗಲೇ ಮೆಟ್ಟಿಲ ಕೆಳಗೆ ಒಬ್ಬರು ಕಂಡರು. ಮಧ್ಯವಯಸ್ಸಿನವರು. ಹತ್ತಲೋ ಬೇಡವೋ ಎಂದು ಹಿಂದೆ ಮುಂದೆ ನೋಡುತ್ತಿದ್ದರು. ನಾನೇ ಇಳಿದು ಹೋದೆ.

"ನಾನು ಕ್ರೈಸ್ತನಲ್ಲ. ಸುಮ್ನೆ ಸ್ವಲ್ಪ ಹೊತ್ತು ಕೂತಿರಬಹುದಾ?"

"ಬನ್ನಿ, ಬನ್ನಿ" ಎಂದೆ.

ಕೊನೆಯ ಬೆಂಚಿನಲ್ಲಿ ಅವರ ಪಕ್ಕ ಕೂತೆ. ಎಲ್ಲರೂ ಎದ್ದಾಗ ಅವರೂ ಗಡಿಬಿಡಿಯಿಂದ ಏಳುತ್ತಿದ್ದರು. "ನೀವು ಕೂತೇ ಇರಿ, ಪರವಾಗಿಲ್ಲ" ಎಂದ ಮೇಲೆ ಸ್ವಲ್ಪ ನಿರಾಳರಾದರು.

ಸಂತ ಬೆನೆಡಿಕ್ಟ್ ಆರನೇ ಶತಮಾನದಲ್ಲಿ ತನ್ನ ಮಠವಾಸಿಗಳಿಗೆ ಬರೆದ ನಿಯಮಗಳು ನನಗೆ ಬಹಳ ಪ್ರಿಯ. ಬರುವ ಅತಿಥಿಗಳನ್ನೆಲ್ಲ ಕ್ರಿಸ್ತನೆಂದೇ ಸ್ವೀಕರಿಸಿ ಎನ್ನುತ್ತದೆ 53ನೇ ಅಧ್ಯಾಯ. ಬಡವರನ್ನೂ ಯಾತ್ರಿಕರನ್ನೂ ಜಾಸ್ತಿ ಕಾಳಜಿಯಿಂದ ನೋಡಿಕೊಳ್ಳಿ, ಸಿರಿವಂತರಿಗೆ ಮರ್ಯಾದೆ ತಾನಾಗಿಯೇ ಸಿಗುತ್ತದೆ ಎಂದೂ ಅಲ್ಲಿದೆ. 66ನೇ ಅಧ್ಯಾಯ ಬಾಗಿಲು ಕಾಯುವವನ ಬಗ್ಗೆ. ಯಾರಾದರೂ ತಟ್ಟಿದ ಕೂಡಲೇ ಅವನು ದೇವರಿಗೆ ವಂದನೆ ಹೇಳಬೇಕು. ಬಂದವರು ಯಾರು, ಯಾಕೆ ಬಂದರು ಅನ್ನುವುದೆಲ್ಲ ಆಮೇಲಿನ ಮಾತು. ಆಗಮನ ಕಾಲದಲ್ಲಿ ನಾವು ಕಾಯುತ್ತಿದ್ದೇವೆ ಎನ್ನುತ್ತೇವೆ, ಅಲ್ವಾ? ನಾವು ಹೇಳಿದ ಹೊತ್ತಿಗೆ, ನಮಗೆ ಗುರುತಿರುವ ಮುಖದಲ್ಲೇ ಕ್ರಿಸ್ತ ಬರಲಿ ಎಂದು ಕಾದರೆ ಅದು ಕಾಯುವುದೇ ಅಲ್ಲ ಎಂದು ನನಗನ್ನಿಸುತ್ತದೆ.

ಪೂಜೆ ಮುಗಿಯಿತು. ಹೊಸಬರಿಗೆ ನಿಜವಾಗಿ ಕಷ್ಟವಾಗುವುದು ಆಗಲೇ. ಎಲ್ಲರೂ ತಮ್ಮತಮ್ಮವರ ಜೊತೆ ಗುಂಪುಗೂಡುತ್ತಾರೆ, ಒಂಟಿಯಾಗಿ ಬಂದವರಿಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ಗಾಯನವೃಂದದ ಹಿರಿಯಮ್ಮ ಒಬ್ಬರು ನೇರ ನಮ್ಮ ಬೆಂಚಿಗೆ ಬಂದರು. ಎಲ್ಲಿಂದ ಬಂದಿರಿ, ಏನು ಕೆಲಸ ಎಂದು ಕೇಳಲಿಲ್ಲ. ಆ ಪ್ರಶ್ನೆಗಳನ್ನು ನಾವು ಪ್ರೀತಿಯಿಂದಲೇ ಕೇಳುತ್ತೇವೆ, ಆದರೆ ನೊಂದವರಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ. "ನೀವು ಬಂದದ್ದು ಒಳ್ಳೇದಾಯ್ತಪ್ಪಾ" ಎಂದು ಪಕ್ಕದಲ್ಲಿ ಕೂತರು, ಅಷ್ಟೇ.

ಸ್ವಲ್ಪ ಹೊತ್ತಿಗೆ ಆ ಹೊಸಬರೇ ಮಾತಾಡಿದರು. ತಾಯಿ ತೀರಿಕೊಂಡಿದ್ದರಂತೆ. ಮನೆಯಲ್ಲಿ ಒಬ್ಬರೇ. ಭಾನುವಾರ ಬೆಳಗ್ಗೆ ಅಲ್ಲಿ ಕೂರಲಾಗದೆ ಹೊರಟಿದ್ದರು, ಹಾಡು ಕೇಳಿಸಿ ನಿಂತಿದ್ದರು. ಹಿರಿಯಮ್ಮ ಉಪದೇಶ ಮಾಡಲಿಲ್ಲ. "ನಿಮ್ಮ ತಾಯಿ ಹೇಗಿದ್ದರು, ಹೇಳಿ" ಎಂದರು. ಅವರು ಹೇಳುತ್ತಾ ಹೋದರು. ನಡುವೆ ಒಮ್ಮೆ ನಕ್ಕರು ಕೂಡ. ಚರ್ಚ್ ಖಾಲಿಯಾಗುವವರೆಗೂ ಕೂತಿದ್ದೆವು.

ಅವರನ್ನು ಕಳಿಸಿಕೊಟ್ಟು ಫಾದರ್ ಹತ್ತಿರ ಹೋದೆ. ಪೂಜೆ ಶುರುವಾದ ಮೇಲೂ ಬಾಗಿಲಲ್ಲಿ ಒಬ್ಬರು ಇರಲಿ, ಮುಗಿದ ಮೇಲೆ ಕೊನೆಯ ಬೆಂಚುಗಳ ಕಡೆ ಇಬ್ಬರು ಹೋಗಲಿ ಎಂದು ಕೇಳಿಕೊಂಡೆ. ತಕ್ಷಣ ಒಪ್ಪಿದರು. ಮೂರನೇ ಭಾನುವಾರದ ಈ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವರು ಆ ಹಿರಿಯಮ್ಮನೇ.