ಹೊಸ ಹೆಡ್ ಮೇಡಂ

ಮಗಳ ಶಾಲೆಗೆ ಇವತ್ತು ಹೊಸ ಹೆಡ್ ಮೇಡಂ ಬಂದರು. ಪುಣೆಯ ಜೂನ್ ಮಳೆ, ಗೇಟಿನ ಹತ್ತಿರ ಕೊಡೆಗಳ ಜಾತ್ರೆ. ಮೇಡಂ ಆಫೀಸಿನಲ್ಲಿ ಕೂರದೆ ಅಲ್ಲೇ ನಿಂತು ಒಬ್ಬೊಬ್ಬ ಹುಡುಗಿಯ ಹೆಸರು ಕೇಳುತ್ತಿದ್ದರು. ಸೀರೆಯ ಅಂಚು ಪೂರ್ತಿ ಒದ್ದೆ.

ಸಾವಿತ್ರಿಬಾಯಿ ಫುಲೆ ನೆನಪಾದರು. 1848ರಲ್ಲಿ ಇದೇ ಊರಿನ ಭಿಡೆ ವಾಡೆಯಲ್ಲಿ ಹುಡುಗಿಯರ ಶಾಲೆ ಶುರುವಾದಾಗ ಅವರಿಗೆ ಇನ್ನೂ 17ರ ಆಸುಪಾಸು. ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗಿಯ ವಯಸ್ಸು! ಹುಡುಗಿಯರಿಗೆ ಪಾಠ ಹೇಳ್ತಾರೆ ಅಂತ ದಾರಿಯಲ್ಲಿ ಜನ ಅವರ ಮೇಲೆ ಸಗಣಿ ಎಸೆಯುತ್ತಿದ್ದರಂತೆ. ಅದಕ್ಕೇ ಜೊತೆಗೆ ಇನ್ನೊಂದು ಸೀರೆ ಒಯ್ಯುತ್ತಿದ್ದರಂತೆ. ಇವತ್ತಿನದು ಬರೀ ಮಳೆನೀರು, ಪುಣ್ಯ.

ಸಂಜೆ ಮಗಳನ್ನು ಕೇಳಿದೆ, ಹೊಸ ಮೇಡಂ ಹೇಗಿದ್ದಾರೆ ಅಂತ.

"ಟಾಯ್ಲೆಟ್ ಚಿಲಕ ಈ ವಾರವೇ ಹಾಕಿಸ್ತೀನಿ ಅಂದ್ರು ಅಮ್ಮಾ. ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆದ್ವಿ."