ಕಪ್ಪು ಕಾರು, ದುರ್ಗದ ಧೂಳು, ಬೋರ್ ನೀರು

ಫೆಬ್ರವರಿ, ಡೆಲಿವರಿಗೆ ಮುಂಚೆ

ನಮ್ಮೂರು ಚಿತ್ರದುರ್ಗ. ಹೊಸ ಕಾರಿಗೆ ಕಪ್ಪು ಬಣ್ಣ ಬುಕ್ ಮಾಡಿದೆ ಅಂದ ಕೂಡಲೇ ಅಪ್ಪಾಜಿ ಶುರು ಮಾಡಿದರು: "ದುರ್ಗದಲ್ಲಿ ಕಪ್ಪು ಕಾರೇನೋ? ಬಿಳಿ ತಗೊಂಡಿದ್ರೆ ತಿಂಗಳು ತೊಳೀದಿದ್ರೂ ನಡೀತಿತ್ತು." ಮಾತು ಸುಳ್ಳಲ್ಲ. ಬಿಳಿ ಗಾಡಿಯಲ್ಲಿ ಸಣ್ಣ ಗೀರು ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ನೋಡಿ, ಬಾನೆಟ್ ತುಂಬ ಜೇಡರ ಬಲೆ ಹಾಸಿದ ಹಾಗೆ ಗೆರೆ ಕಾಣುತ್ತವೆ. ಆ ಗೆರೆಗಳು ಗಾಡಿ ಓಡಿಸಿದ್ದಕ್ಕೆ ಬಿದ್ದವಲ್ಲ, ಒರೆಸಿದ್ದಕ್ಕೆ ಬಿದ್ದವು. ಹಾಗಾಗಿ ನಾನು ಇಟ್ಟುಕೊಂಡ ಲೆಕ್ಕ ಒಂದೇ: ಗಾಡಿಯನ್ನು ಎಷ್ಟು ಕಡಿಮೆ ಮುಟ್ಟಿ ಚೊಕ್ಕಟವಾಗಿ ಇಟ್ಟುಕೊಳ್ಳಬಹುದು?

ಕಾರ್ಖಾನೆಯಿಂದ ಬರುವ ಬಣ್ಣ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಅಂದರೆ ಒಂದು ಮೈಕ್ರಾನ್). ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಈ ಕೊನೆಯದು 40-50 ಮೈಕ್ರಾನ್ ಇದ್ದರೆ ಹೆಚ್ಚು. ಹೊಳಪೂ ಇದರದ್ದೇ, ಗೀರು ಬೀಳುವುದೂ ಇದರ ಮೇಲೇ, ಬಿಸಿಲಿನ ಯುವಿ ಕಿರಣ ತಡೆಯುವುದೂ ಇದೇ. ಪಾಲಿಶ್ ಹಾಕಿ ಗೀರು ತೆಗೆಸುವುದು ಅಂದರೆ ಈ ಪದರವನ್ನೇ ತುಸು ಸವೆಸಿ ಸಮ ಮಾಡುವುದು. ಸವೆದದ್ದು ವಾಪಸ್ ಬೆಳೆಯುವುದಿಲ್ಲ.

ದಾವಣಗೆರೆಯ ಶೋರೂಮಿನಲ್ಲಿ ಬುಕಿಂಗ್ ಫಾರಂ ಮೇಲೇ ಬರೆಸಿದೆ: ತೊಳೆಯಬೇಡಿ, ಒರೆಸಬೇಡಿ, ಪಾಲಿಶ್ ಬೇಡ. ಸೇಲ್ಸ್ ಹುಡುಗ ಎರಡು ಸಲ ಓದಿಕೊಂಡ. "ಸಾರ್, ಧೂಳಲ್ಲೇ ತಗೊಂಡು ಹೋಗ್ತೀರಾ? ಫೋಟೋ ಚೆನ್ನಾಗಿ ಬರಲ್ಲ." ಯಾರ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ಮೇಲೆ ಒಣ ಬಟ್ಟೆ ಆಡಿಸಿದರೆ ಮೊದಲ ದಿನವೇ ಗೀರು ಖಾತ್ರಿ. ಆಮೇಲೆ ಟೆಫ್ಲಾನ್ ಕೋಟಿಂಗ್ ಪ್ಯಾಕೇಜ್ ಮುಂದಿಟ್ಟ. ಬೇಡ ಅಂದೆ. ಟೆಫ್ಲಾನ್ ಕರಗುವುದೇ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವಾಕ್ಕೆ ಅದನ್ನು ಕೂರಿಸಲು ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಕಾಯಿಸುತ್ತಾರೆ. ಕಾರಿನ ಬಣ್ಣವನ್ನು ಕಾರ್ಖಾನೆಯಲ್ಲಿ ಬೇಯಿಸುವುದು 140 ಡಿಗ್ರಿ ಆಸುಪಾಸಿನಲ್ಲಿ. ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಸ್ಪಂಜಿನಿಂದ ಉಜ್ಜಿದರೆ ಯಾವ ಟೆಫ್ಲಾನ್ ಎಲ್ಲಿ ಕೂರುತ್ತದೆ, ದೇವರೇ ಬಲ್ಲ.

ಪೂಜೆ

ಗಾಡಿ ಕೈಗೆ ಬಂದ ಮೇಲೆ ಮೊದಲು ದುಗ್ಗಮ್ಮನ ಗುಡಿ, ಆಮೇಲೆ ಊರು. ಇದರಲ್ಲಿ ಅಮ್ಮನ ಮುಂದೆ ಯಾರ ಆಟವೂ ನಡೆಯುವುದಿಲ್ಲ, ನಡೆಯಲೂ ಬಾರದು. ಆದರೆ ಬಾನೆಟ್ ಮೇಲೆ ಉಂಗುರದ ಬೆರಳಿನಿಂದ ಸ್ವಸ್ತಿಕ್ ಬರೆಯುವುದು, ನಿಂಬೆರಸದ ಜೊತೆ ಕುಂಕುಮ ಬೆರೆತು ಬಿಸಿಲಿಗೆ ಒಣಗುವುದು, ಹಾರದ ದಾರ ಗಾಳಿಗೆ ಅತ್ತಿತ್ತ ಉಜ್ಜುವುದು, ಇವೆಲ್ಲ ಬಣ್ಣಕ್ಕೆ ಒಳ್ಳೆಯದಲ್ಲ. ವಿಭೂತಿ ಮುಟ್ಟಿದರೆ ನುಣುಪು, ಆದರೂ ಅದು ಬೂದಿ. ಒಣಗಿದ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಗೀರುತ್ತದೆ.

ಪೂಜಾರಪ್ಪನವರಿಗೆ ಮೆಲ್ಲಗೆ ಹೇಳಿದೆ: ಸ್ವಸ್ತಿಕ್ ಮುಂದಿನ ಗಾಜಿನ ಮೇಲಿರಲಿ, ಅರಿಶಿನ-ಕುಂಕುಮ ನಂಬರ್ ಪ್ಲೇಟಿಗೆ ಮತ್ತು ಟೈರಿಗೆ. ಅವರು ನಕ್ಕರು. "ಗಾಜೂ ಗಾಡೀದೇ ಅಲ್ವೇನಪ್ಪಾ, ಅಮ್ಮನಿಗೆ ಎಲ್ಲಿಟ್ಟರೂ ಒಂದೇ." ಹಾರವನ್ನು ವೈಪರ್‌ಗೆ ಕಟ್ಟಿ ಗಾಜಿನ ಮೇಲೆ ಇಳಿಬಿಟ್ಟೆವು. ಹೈವೇ ಹತ್ತುವ ಮುಂಚೆ ಬಿಚ್ಚಿ ಒಳಗೆ ಡ್ಯಾಶ್‌ಬೋರ್ಡ್ ಮೇಲಿಟ್ಟೆವು. ಅಮ್ಮನೂ ಖುಷಿ, ನಾನೂ ಖುಷಿ.

ಮೊದಲ ತೊಳೆತ

ಹೊಸ ಗಾಡಿ ಅಂದಮಾತ್ರಕ್ಕೆ ಅದು ಶುದ್ಧ ಅಲ್ಲ. ಕಾರ್ಖಾನೆಯಿಂದ ಟ್ರೇಲರಿನಲ್ಲೋ ರೈಲಿನಲ್ಲೋ ಬರುವಾಗ, ಯಾರ್ಡಿನಲ್ಲಿ ನಿಂತಾಗ ಕಬ್ಬಿಣದ ಸಣ್ಣ ಚೂರುಗಳು ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ತೊಳೆದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಮೆಲ್ಲಗೆ ಸವರಿದರೆ ಗೊತ್ತಾಗುತ್ತದೆ. ಬರಿಗೈಗೆ ನುಣುಪಾಗಿದ್ದದ್ದು ಕವರಿನ ಒಳಗಿಂದ ಮುಟ್ಟಿದಾಗ ತರಿತರಿ ಅನ್ನುತ್ತದೆ. ನನ್ನ ಗಾಡಿಯಲ್ಲಿ ರೂಫು ಮತ್ತು ಡಿಕ್ಕಿ ಬಾಗಿಲು ಹಾಗಿದ್ದವು, ಡೋರುಗಳು ಪರವಾಗಿಲ್ಲ.

ಐರನ್ ರಿಮೂವರ್ ಹೊಡೆದು ಕಾದೆ. ಕೊಳೆತ ಮೊಟ್ಟೆಯ ವಾಸನೆ, ಮೂಗು ಮುಚ್ಚಿಕೊಳ್ಳಬೇಕು. ಒಂದೆರಡು ನಿಮಿಷಕ್ಕೆ ರೂಫಿನ ಅಂಚಿನಲ್ಲಿ ನೇರಳೆ ಚುಕ್ಕೆಗಳು ಮೂಡಿ ಕೆಳಗೆ ಇಳಿಯತೊಡಗಿದವು. ಕಬ್ಬಿಣದ ಜೊತೆ ಕೂಡಿದಾಗ ಆ ದ್ರಾವಣ ಬಣ್ಣ ತಿರುಗುತ್ತದೆ. ಚಕ್ರಗಳಲ್ಲಂತೂ ಬ್ರೇಕ್ ಧೂಳಿಗೆ ನೇರಳೆ ಹೊಳೆಯೇ ಹರಿಯಿತು. ಪಕ್ಕದ ಮನೆ ಹುಡುಗರು ಕಾಂಪೌಂಡ್ ಹತ್ತಿ ನೋಡಿದರು. ಒಣಗಲು ಬಿಡದೆ ತೊಳೆದು, ತರಿ ಉಳಿದಲ್ಲಿ ಮಾತ್ರ ಕ್ಲೇ (ಕಚ್ಚಿಕೊಂಡ ಚೂರು ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ) ಆಡಿಸಿದೆ. ಇಡೀ ಗಾಡಿಗೆ ಕ್ಲೇ ಉಜ್ಜುವುದು ಅನವಶ್ಯಕ ಅಂತ ನನ್ನ ಅಭಿಪ್ರಾಯ. ಕ್ಲೇ ಕೂಡ ಸಣ್ಣಗೆ ಗೀರುತ್ತದೆ.

ತೊಳೆಯುವ ಕ್ರಮ ಹೀಗಿದೆ. ಬೆಳಗ್ಗೆ ಬಿಸಿಲೇರುವ ಮುಂಚೆ, ತಗಡು ತಣ್ಣಗಿರುವಾಗ. ಮೊದಲು ಬರೀ ನೀರು, ಮೇಲಿಂದ ಕೆಳಕ್ಕೆ, ಧೂಳೆಲ್ಲ ಇಳಿಯುವವರೆಗೆ. ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ತಳದಲ್ಲಿ ಜಾಲರಿ. ಮೈಕ್ರೋಫೈಬರ್ ಕೈಗವಸನ್ನು ಒಂದು ಭಾಗ ತೊಳೆದ ಕೂಡಲೇ ಬರೀ ನೀರಿನಲ್ಲಿ ಅದ್ದಿ ಕೊಡವಿ, ಆಮೇಲೆ ಶಾಂಪೂ. ಕೆಲಸ ಮುಗಿದಾಗ ಜಾಲರಿ ಎತ್ತಿ ನೋಡಿದರೆ ತಳದಲ್ಲಿ ಕೆಂಪು ಮರಳು ಕೂತಿರುತ್ತದೆ. ಹೀಗೆ ಮಾಡದಿದ್ದರೆ ಅಷ್ಟೂ ಬಾನೆಟ್ ಮೇಲೆ ಉರುಳಾಡುತ್ತಿತ್ತು. ಚಕ್ರಕ್ಕೆ ಬೇರೆಯೇ ಬ್ರಷ್ಷು, ಬೇರೆಯೇ ಬಟ್ಟೆ. ಬಟ್ಟೆ ಪುಡಿ ಮುಟ್ಟಬಾರದು, ಅದು ಮೇಲೆ ಹಚ್ಚಿದ ರಕ್ಷಣೆಯನ್ನು ಕಿತ್ತು ಹಾಕುತ್ತದೆ.

ವಾಟರ್ ಸರ್ವಿಸ್‌ನವರ ಹತ್ತಿರ ಬಿಡಬಾರದೇ ಅಂತ ಕೇಳುವವರಿದ್ದಾರೆ. ಟ್ರ್ಯಾಕ್ಟರ್ ತೊಳೆದ ಸ್ಪಂಜೇ ಕಾರಿಗೂ ಬರುವುದನ್ನು ಕಣ್ಣಾರೆ ನೋಡಿದ್ದೇನೆ. ಕೆಲವು ಕಡೆ ಅಡಿಭಾಗಕ್ಕೆ ಡೀಸೆಲ್ ಸಿಂಪಡಿಸುತ್ತಾರೆ, ಹೊಳೆಯುತ್ತದೆ ಅಂತ. ಡೀಸೆಲ್ ಬಿದ್ದರೆ ರಬ್ಬರ್ ಬುಷ್‌ಗಳು ಉಬ್ಬಿ ಹಾಳಾಗುತ್ತವೆ. ಅಡಿಗೆ ಬರೀ ನೀರಿನ ಪ್ರೆಷರ್ ಹೊಡೆಸಿ, ಉಳಿದದ್ದು ಮನೆಯಲ್ಲಿ.

ಏನು ಹಚ್ಚಿದೆ

ಮುಂದಿನ ಬಂಪರ್, ಬಾನೆಟ್, ಮಿರರ್ ಬೆನ್ನು, ಡೋರ್ ಹಿಡಿಕೆಯ ಗುಳಿ, ಇಷ್ಟಕ್ಕೆ ಮಾತ್ರ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್. ಅದು 150-200 ಮೈಕ್ರಾನ್ ದಪ್ಪದ ಪಾಲಿಯುರಿಥೇನ್ ಹಾಳೆ, ಅಂದರೆ ಕಾರಿನ ಬಣ್ಣಕ್ಕಿಂತಲೂ ದಪ್ಪ. ಎನ್‌ಎಚ್ 48ರಲ್ಲಿ ಜಲ್ಲಿ ಲಾರಿ ಹಿಂದೆ ಹೋಗುವವರಿಗೆ ಇದರ ಬೆಲೆ ಗೊತ್ತು. ಹಾರಿ ಬರುವ ಕಲ್ಲಿಗೆ ಬೇರೆ ಯಾವುದೂ ಅಡ್ಡ ನಿಲ್ಲುವುದಿಲ್ಲ.

ಉಳಿದ ಭಾಗಕ್ಕೆ ಸಿರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಹಚ್ಚಿ ಗಟ್ಟಿಯಾಗುವ ಗಾಜಿನಂಥ ಪದರ) ಬಿಟ್ಟು ಸಾಧಾರಣ ಪಾಲಿಮರ್ ಸೀಲೆಂಟ್, ಅಂದರೆ ಮೇಣದ ಹಾಗೆ ಕೈಯಲ್ಲಿ ಹಚ್ಚುವ ರಕ್ಷಣೆಯ ಲೇಪ. ಸಿರಾಮಿಕ್ ಕೆಟ್ಟದ್ದು ಅಂತಲ್ಲ. ಕೊಳೆ ಅಂಟುವುದು ಕಡಿಮೆಯಾಗುತ್ತದೆ, ನೀರು ಜಾರುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ "9ಎಚ್, ಗೀರೇ ಬೀಳಲ್ಲ ಸಾರ್" ಅನ್ನುವ ಮಾತು ಬಿಡಿ. 9ಎಚ್ ಎನ್ನುವುದು ಪೆನ್ಸಿಲ್ ಗಡಸುತನದ ಅಳತೆ. ಖನಿಜಗಳ ಗಡಸುತನ ಹೇಳುವ ಮೋಸ್ ಅಳತೆಯ 9 ಅಲ್ಲ. ನಮ್ಮೂರ ಧೂಳು ಎಲ್ಲಿಂದ ಬಂದದ್ದು? ಕೋಟೆ ನಿಂತಿರುವ ಅದೇ ಗ್ರಾನೈಟ್ ಬಂಡೆಗಳು ಸವೆದು ಆದದ್ದು. ಅದರಲ್ಲಿ ಸ್ಫಟಿಕ ಶಿಲೆಯ ಕಣ ಇದೆ, ಮೋಸ್ ಅಳತೆಯಲ್ಲಿ ಅದು 7. ಆ ಕಣದ ಮೇಲೆ ಬಟ್ಟೆ ಒತ್ತಿ ಎಳೆದರೆ ಸಿರಾಮಿಕ್ಕೂ ಗೀರುತ್ತದೆ, ಕ್ಲಿಯರ್ ಕೋಟೂ ಗೀರುತ್ತದೆ. ಸಿರಾಮಿಕ್ ಬಿಟ್ಟಿದ್ದಕ್ಕೆ ಇನ್ನೊಂದು ಕಾರಣ ನೀರು; ಅದರ ಕಥೆ ಮುಂದಿದೆ. ಕಾರ್ನೊಬಾ ವ್ಯಾಕ್ಸ್ ಕಪ್ಪಿಗೆ ಒಳ್ಳೇ ಕಳೆ ಕೊಡುತ್ತದೆ, ನಿಜ. ಬ್ರೆಜಿಲ್‌ನ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುವ ಮೇಣ ಅದು. ನಮ್ಮ ಏಪ್ರಿಲ್ ಬಿಸಿಲಿಗೆ ಕಪ್ಪು ತಗಡಿನ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ.

ಮಾರ್ಚ್: ಮಾವಿನ ಮರ

ಪಕ್ಕದ ಸೈಟಿನ ಅಜ್ಜಿಯ ಮಾವಿನ ಮರ ಹೂ ಬಿಟ್ಟಿತ್ತು, ನೆರಳು ಚೆನ್ನಾಗಿತ್ತು. ಆದರೆ ಹೂ ಬಿಟ್ಟ ಮಾವಿಗೆ ಜಿಗಿಹುಳು ಬರುತ್ತವೆ, ಅವು ವಿಸರ್ಜಿಸುವ ಸಿಹಿ ಅಂಟು ಸಣ್ಣ ತುಂತುರಾಗಿ ಕೆಳಗೆ ಬೀಳುತ್ತದೆ. ಅದರ ಮೇಲೆ ಧೂಳು ಕೂತರೆ ಕರಿ ಹಕ್ಕಳೆ. ಉಗುರುಬೆಚ್ಚಗಿನ ಶಾಂಪೂ ನೀರಲ್ಲಿ ಬಟ್ಟೆ ನೆನೆಸಿ ಮೇಲೆ ಹಾಸಿ ಸ್ವಲ್ಪ ಹೊತ್ತು ಬಿಟ್ಟರೆ ಬಿಡುತ್ತದೆ. ಹಕ್ಕಿ ಹಿಕ್ಕೆಗೂ ಇದೇ ಉಪಾಯ, ಆದರೆ ಅದಕ್ಕೆ ಸಂಜೆವರೆಗೆ ಕಾಯಬಾರದು. ಅದರ ಆಮ್ಲ ಬಿಸಿಲಿನಲ್ಲಿ ಕ್ಲಿಯರ್ ಕೋಟಿಗೆ ಕೊರೆದು ಗುರುತು ಬಿಡುತ್ತದೆ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಮೆತ್ತನೆ ಬಟ್ಟೆ ಸದಾ ಇರುತ್ತವೆ.

ಏಪ್ರಿಲ್: ನೀರು

ಈ ಊರಲ್ಲಿ ಗಾಡಿಯ ಬಣ್ಣಕ್ಕೆ ಧೂಳಿಗಿಂತ ದೊಡ್ಡ ಶತ್ರು ಬೋರ್ ನೀರು. ತೊಗರಿಬೇಳೆ ಬೇಯದ ನೀರು, ಗೀಸರ್ ಕಾಯಿಲ್‌ಗೆ ಬಿಳಿ ಪೊರೆ ಕಟ್ಟುವ ನೀರು ಬಾನೆಟ್ ಮೇಲೆ ಒಣಗಿದರೆ ಏನಾಗಬಹುದು? ನೀರು ಆರಿ ಹೋಗುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿಯುತ್ತವೆ. ಬಿಳಿ ಉಂಗುರ. ಬೇಗ ತೆಗೆಯದಿದ್ದರೆ ಕಾದ ತಗಡಿನ ಮೇಲೆ ಗಟ್ಟಿಯಾಗಿ ಕೂತುಬಿಡುತ್ತವೆ. ಸಿರಾಮಿಕ್ ಹಾಕಿದ ಗಾಡಿಯಲ್ಲಿ ನೀರು ಮಣಿಮಣಿಯಾಗಿ ನಿಲ್ಲುವುದರಿಂದ ಪ್ರತಿ ಮಣಿಗೂ ಒಂದು ಉಂಗುರ.

ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಪೆನ್ನು ಹಾಕಿ ನೋಡಿದೆ. ನಮ್ಮ ಬೋರ್ ನೀರು ಸಾವಿರದ ಮೇಲೆ ತೋರಿಸಿತು. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 2000. ಕುಡಿಯಲು ಹೇಗೋ ನಡೆದೀತು, ಕಪ್ಪು ಬಣ್ಣಕ್ಕೆ ನಡೆಯುವುದಿಲ್ಲ. ಫಿಲ್ಟರಿನಿಂದ ಹೊರಹೋಗುವ ವೇಸ್ಟ್ ನೀರು ಹಿಡಿದು ಗಾಡಿ ತೊಳೆಯಿರಿ ಅಂತ ಎಲ್ಲರೂ ಉಪದೇಶ ಕೊಡುತ್ತಾರೆ. ಆರ್‌ಒ ಬೇರ್ಪಡಿಸಿದ ಉಪ್ಪೆಲ್ಲ ಅದರಲ್ಲೇ ಇರುವುದು, ಬೋರ್ ನೀರಿಗಿಂತ ಅದು ಇನ್ನೂ ಗಡುಸು. ಅಂಗಳ ತೊಳೆಯಲಿಕ್ಕೆ ಇರಲಿ.

ಬೇಸಿಗೆಯಲ್ಲಿ ಮಾಡಿದ ವ್ಯವಸ್ಥೆ: ತೊಳೆಯುವುದೆಲ್ಲ ಬೋರ್ ನೀರಲ್ಲೇ, ಕೊನೆಯ ಒಂದು ಬಕೆಟ್ ಮಾತ್ರ ಫಿಲ್ಟರ್ ನೀರು, ಮಗ್ಗಿನಿಂದ ರೂಫಿನ ಮೇಲಿಂದ ನಿಧಾನಕ್ಕೆ ಇಳಿಬಿಡುವುದು. ತಕ್ಷಣ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಒತ್ತಿ ತೆಗೆಯುವುದು, ಉಜ್ಜುವುದಲ್ಲ. ಕೂತುಬಿಟ್ಟ ಉಂಗುರಕ್ಕೆ ಬಿಳಿ ವಿನೆಗರ್, ಅಷ್ಟೇ ನೀರು ಬೆರೆಸಿ, ನೆರಳಿನಲ್ಲಿ ಒಂದು ನಿಮಿಷ ಇಟ್ಟು ತೊಳೆದರೆ ಹೋಗುತ್ತದೆ. ಹಾಗೆ ಮಾಡಿದಲ್ಲಿ ಸೀಲೆಂಟ್ ಇನ್ನೊಮ್ಮೆ ಹಚ್ಚಬೇಕು.

ಮಳೆ

ಕೃತ್ತಿಕಾ ಮಳೆ ಬಿದ್ದ ಮೇಲೆ ಆಟವೇ ಬದಲಾಯಿತು. ಕಾರ್ ನಿಲ್ಲಿಸುವ ಶೀಟಿನ ಶೆಡ್ಡಿಗೆ ಅರ್ಧ ಸೀಳಿದ ಪಿವಿಸಿ ಪೈಪು ಕಟ್ಟಿ, ಬಾಯಿಗೆ ಅಮ್ಮನ ಹಳೇ ಕಾಟನ್ ಸೀರೆ ಬಿಗಿದು, ನೀಲಿ ಡ್ರಮ್ಮಿಗೆ ಇಳಿಸಿದೆ. ಮೊದಲ ಮಳೆಯ ನೀರು ಶೀಟಿನ ಧೂಳನ್ನೆಲ್ಲ ತರುತ್ತದೆ, ಅದನ್ನು ಗಿಡಕ್ಕೆ ಬಿಟ್ಟೆ. ಆಮೇಲಿನ ನೀರಿಗೆ ಪೆನ್ನು ಅದ್ದಿದರೆ ಮೂವತ್ತರ ಒಳಗೆ. ಕೊನೆಯ ಬಕೆಟ್ ಇದರದ್ದು. ಒರೆಸದೆ ಹಾಗೇ ಒಣಗಿಸಿದರೂ ಉಂಗುರವಿಲ್ಲ. ಸಿಕ್ಕಾಪಟ್ಟೆ ದುಡ್ಡು ಕೊಟ್ಟು ಕೋಟಿಂಗ್ ಹಾಕಿಸುವವರು ಮೊದಲು ಒಂದು ಡ್ರಮ್ಮು ಇಡಲಿ ಅಂತ ನನ್ನ ವಾದ. ಅಮ್ಮ ಮಾತ್ರ ಡ್ರಮ್ಮಿನಿಂದ ಬಿಂದಿಗೆಗಟ್ಟಲೆ ಎತ್ತುತ್ತಾರೆ, ಬೇಳೆಗೆ.

ಆಷಾಢ

ಗಾಳಿ ಶುರು. ಜೋಗಿಮಟ್ಟಿ ಕಡೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಬೆಳಗ್ಗೆ ತೊಳೆದರೆ ಮಧ್ಯಾಹ್ನಕ್ಕೆ ಗಾಡಿ ಕಂದು. ಅಪ್ಪಾಜಿಗೆ ಇದು ಸಹಿಸುವುದಿಲ್ಲ, ಹಳೇ ಪಂಚೆ ತುಂಡು ಹಿಡಿದು ಬಂದೇಬಿಡುತ್ತಾರೆ.

"ಧೂಳು ಹಾಗೇ ಇರಲಿ ಅಪ್ಪಾಜಿ, ಒಣಗಿದ್ದು ಏನೂ ಮಾಡಲ್ಲ. ಒರೆಸಿದರೇ ಕಷ್ಟ."

"ನೋಡ್ದೋರು ಏನಂತಾರೆ? ಹೊಸ ಗಾಡಿ ತಂದು ಕಸದ ಗುಡ್ಡೆ ಹಾಗೆ ಇಟ್ಟಿದ್ದಾನೆ ಅಂತಾರೆ."

ಒಪ್ಪಂದ ಹೀಗಾಯಿತು: ಗಾಜು, ದೀಪ, ನಂಬರ್ ಪ್ಲೇಟ್ ಅಪ್ಪಾಜಿಯದ್ದು, ದಿನಾ ಒರೆಸಬಹುದು, ಒದ್ದೆ ಬಟ್ಟೆಯಲ್ಲಿ. ಬಣ್ಣ ನನ್ನದು. ಕವರ್ ಹಾಕೋಣ ಅಂತಲೂ ಅಂದರು. ಈ ಗಾಳಿಗೆ ಕವರ್ ಪಟಪಟ ಬಡಿಯುತ್ತದೆ, ಒಳಗೆ ಸೇರಿದ ಮರಳು ಇಡೀ ದಿನ ಬಣ್ಣವನ್ನು ಉಜ್ಜುತ್ತದೆ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಕವರಿಗೆ ಅರ್ಥ.

ಈಗ

ರಾತ್ರಿ ಟಾರ್ಚ್ ಬಿಟ್ಟು ನೋಡಿದೆ. ಡೋರುಗಳು, ಡಿಕ್ಕಿ ಸ್ವಚ್ಛ. ಹಿಡಿಕೆ ಕೆಳಗೆ ಯಾರದ್ದೋ ಬಳೆಯ ಒಂದು ಗೆರೆ, ಪಿಪಿಎಫ್ ಮೇಲೇ ಬಿದ್ದದ್ದು. ಮಧ್ಯಾಹ್ನದ ಬಿಸಿಲಿಗೆ ಹೆಚ್ಚುಕಡಿಮೆ ಮಾಯವಾಯಿತು, ಕಾವಿಗೆ ಆ ಹಾಳೆ ತಾನೇ ಸಮವಾಗುತ್ತದೆ. ರೂಫಿನ ಮೇಲೆ ನೀರು ಸುರಿದರೆ ಮಣಿ ನಿಲ್ಲುತ್ತಿಲ್ಲ, ಹರಡಿಕೊಳ್ಳುತ್ತಿದೆ. ಸೀಲೆಂಟ್ ಅಲ್ಲಿ ಮುಗಿದಿದೆ ಅಂತ ಅರ್ಥ; ಬಿಸಿಲು ಹೆಚ್ಚು ತಿನ್ನುವುದು ರೂಫೇ. ಡೋರುಗಳಲ್ಲಿ ಇನ್ನೂ ಗಟ್ಟಿ ಇದೆ.

ಆಯುಧಪೂಜೆಗೆ ಮುಂಚೆ ಇಡೀ ಗಾಡಿಗೆ ಇನ್ನೊಂದು ಕೈ ಸೀಲೆಂಟ್ ಹಚ್ಚಬೇಕು, ಬೂದುಗುಂಬಳದ ಕುಂಕುಮ ಸಿಡಿದರೂ ತೊಳೆದರೆ ಹೋಗಲಿ ಅಂತ. ಅಷ್ಟರೊಳಗೆ ಎರಡನೇ ಡ್ರಮ್ಮಿಗೆ ನಲ್ಲಿ ಕೂರಿಸಬೇಕು. ಪ್ಲಂಬರ್ ಭಾನುವಾರ ಬರ್ತೀನಿ ಅಂದಿದ್ದಾನೆ, ಯಾವ ಭಾನುವಾರ ಅಂತ ಹೇಳಿಲ್ಲ.